ಇಬ್ಬರು ಹಾಲ್ಡೋರರು

ಹಾಲ್ಡೋರರು ಇಬ್ಬರು ಎಂದು ವಾಲ್ಡಿ ಆ ದಿನ ಬೆಳಿಗ್ಗೆ ಮತ್ತೊಮ್ಮೆ ತೀರ್ಮಾನಿಸಿದ. ಹಾಗೆ ತೀರ್ಮಾನಿಸಿದಾಗಲೆಲ್ಲ ಮೈ ಹಗುರವಾಗುತ್ತಿತ್ತು. ಆದರೆ ಮುಖ ತೊಳೆದು ಅಡಿಗೆಮನೆಯ ಮೇಜಿಗೆ ಬರುವಷ್ಟರಲ್ಲಿ ಇಬ್ಬರೂ ಮತ್ತೆ ಒಬ್ಬರೊಳಗೊಬ್ಬರು ಸೇರಿಕೊಂಡು ಒಬ್ಬನೇ ಆಗಿ, ವಾಲ್ಡಿಯ ಅಜ್ಜನ ಮುಖ ಹೊತ್ತು ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದ. ಒಬ್ಬ ಹಾಲ್ಡೋರ್ ಹಳೆಯ ನಾಡಾದ ಐಸ್‌ಲ್ಯಾಂಡಿನ ಚರ್ಚಿನ ದಾಖಲೆಯಲ್ಲಿದ್ದ: ಹಾಲ್ಡೋರ್ ಯೋನಾಸನ್, ತಂದೆ ಯೋನಾಸ್, ತಾಯಿ ಸಿಗ್ರಿದ್, ಊರು ಹೋಲ್. ಎರಡು ವರ್ಷದ ಕೂಸಾಗಿ ಅವನು ಅಪ್ಪ ಅಮ್ಮನ ಜೊತೆ ಹಡಗು ಹತ್ತಿದ್ದ. ಇನ್ನೊಬ್ಬ ಇಲ್ಲಿಯ, ವಿನ್ನಿಪೆಗ್ ಸರೋವರದ ದಡದ ಚರ್ಚಿನ ಪುಸ್ತಕದಲ್ಲಿದ್ದ, ಪಾದ್ರಿಯ ಮುಂದೆ ನಿಂತು ಧರ್ಮದೀಕ್ಷೆ ತೆಗೆದುಕೊಂಡ ಹುಡುಗರ ಸಾಲಿನಲ್ಲಿ: ಹಾಲ್ಡೋರ್ ಐನಾರ್ಸನ್, ಹುಟ್ಟಿದ್ದು ಹೋಲ್‌ನಲ್ಲಿ. ಹುಟ್ಟಿದ ದಿನ ಎರಡೂ ಕಡೆ ಒಂದೇ. ಹಳೆಯ ನಾಡಿನಲ್ಲಿ ಅಪ್ಪನ ಹೆಸರೇ ಮಗನ ಕೊನೆಯ ಹೆಸರು; ಯೋನಾಸನ ಮಗ ಯೋನಾಸನ್, ಐನಾರನ ಮಗ ಐನಾರ್ಸನ್. ಇಲ್ಲಿಗೆ ಬಂದ ಮೇಲೆ ಆ ಹೆಸರುಗಳು ಚಳಿಗಾಲದ ನೀರಿನಂತೆ ಹೆಪ್ಪುಗಟ್ಟಿ ಮಕ್ಕಳು ಮೊಮ್ಮಕ್ಕಳಿಗೆ ಹಾಗೆಯೇ ಉಳಿದುಬಿಟ್ಟವು. ವಾಲ್ಡಿ ಐನಾರ್ಸನ್ ಆದದ್ದು ಹೀಗೆ. ಒಬ್ಬ ಮನುಷ್ಯನಿಗೆ ಇಬ್ಬರು ಅಪ್ಪಂದಿರು ಇರುವುದಿಲ್ಲ. ಆದ್ದರಿಂದ ಹಾಲ್ಡೋರರು ಇಬ್ಬರು. ಇಷ್ಟು ಸರಳವಾದದ್ದನ್ನು ದಿನವೂ ಬೆಳಿಗ್ಗೆ ಹೊಸದಾಗಿ ತೀರ್ಮಾನಿಸಬೇಕಾಗಿ ಬಂದಿದೆಯಲ್ಲ ಎಂಬುದೇ ಅವನಿಗೆ ಕಸಿವಿಸಿ.

ಬೇರೆ ಯಾರದ್ದಾದರೂ ಅಜ್ಜನಾಗಿದ್ದರೆ ಅವನು ಕಾಫಿ ಆರುವುದರೊಳಗೆ ಬಗೆಹರಿಸಿಬಿಡುತ್ತಿದ್ದ. ಊರಿನ ಮನೆತನಗಳ ಚರಿತ್ರೆ ಪುಸ್ತಕವಾಗಿ ಬರಲಿದೆ, ಅದರ ಸಮಿತಿಯಲ್ಲಿ ಹೆಸರುಗಳ ತಕರಾರು ತೀರಿಸುವವನು ವಾಲ್ಡಿಯೇ. ಆಯುಷ್ಯವಿಡೀ ಅಂಚೆ ಕಚೇರಿಯಲ್ಲಿ ಕೂತು, ಒಂದೇ ಹೆಸರಿನ ನಾಲ್ಕು ಜನರ ಕಾಗದವನ್ನು ಹೊರಗಿನ ಕೈಬರಹ ನೋಡಿಯೇ ಸರಿಯಾದ ಗೂಡಿಗೆ ಹಾಕುತ್ತಿದ್ದವನು. ಹುಟ್ಟಿದ ದಿನ ಒಂದೇ, ಊರು ಒಂದೇ ಅಂದರೆ ಮನುಷ್ಯನೂ ಒಬ್ಬನೇ, ಹೆಸರು ಏನಾದರೂ ಇರಲಿ. ಇದು ಅವನು ಸಮಿತಿಗೆ ಹಾಕಿಕೊಟ್ಟ ನಿಯಮ. ಹೋದ ಶರತ್ಕಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ, ಎಲ್ಲರೂ ಸಕ್ಕರೆ ಅಚ್ಚು ಹಲ್ಲಲ್ಲಿ ಕಚ್ಚಿಕೊಂಡು ಕಾಫಿ ಹೀರುತ್ತಿದ್ದಾಗ, ಮುದುಕ ಪಾಲ್ಮಿ ತನ್ನ ಅಜ್ಜಿಗೆ ಗಿಸ್ಲಿ, ಗ್ರಿಮುರ್ ಎಂದು ಇಬ್ಬರು ಗಂಡಂದಿರು, ಒಬ್ಬ ತೀರಿಕೊಂಡ ಮೇಲೆ ಇನ್ನೊಬ್ಬ ಎಂದು ಹೇಳಿದ್ದ. ವಾಲ್ಡಿ ಇಬ್ಬರೂ ಒಬ್ಬನೇ ಎಂದು ತೋರಿಸಿಕೊಟ್ಟ. ಹಳೆಯ ನಾಡಿನಲ್ಲಿ ಕಟ್ಟಿಕೊಂಡ ಬೇರೊಬ್ಬಳನ್ನು ಬಿಟ್ಟು ಈ ಅಜ್ಜಿಯ ಜೊತೆ ಓಡಿಬಂದವನು ಇಲ್ಲಿ ಹೆಸರು ಬದಲಿಸಿಕೊಂಡಿದ್ದ. ಪಾಲ್ಮಿ ಅರ್ಧ ಕುಡಿದ ಕಾಫಿ ಬಿಟ್ಟು, ಕೋಟಿನ ಒಂದೊಂದೇ ಗುಂಡಿಯನ್ನು ಹಾಕಿಕೊಂಡು, ಮೆಟ್ಟಿಲು ಹತ್ತಿ ಹೊರಟುಹೋದ. ನಿಜ ನಿಜವೇ ಎಂದು ವಾಲ್ಡಿ ಆಗ ಅಂದುಕೊಂಡಿದ್ದ. ಈಗ ಆ ಗುಂಡಿಗಳು, ಆ ನಿಧಾನ, ಕಣ್ಣಿಗೆ ಕಟ್ಟಿದ ಹಾಗೆ ಬರುತ್ತಿದ್ದವು.

“ಗಂಜಿ ಆರ್ತಾ ಇದೆ,” ಎಂದಳು ಸ್ಟೆಫ್ಕಾ. ಅವನ ಹೆಂಡತಿ ಉಕ್ರೇನಿನವರ ಪೈಕಿ, ಒಳನಾಡಿನ ಗೋಧಿ ಬೆಳೆಯುವವರ ಮಗಳು. “ಇವತ್ತು ಹಾಲ್ಡೋರ್ ಎಷ್ಟು ಜನ?”

“ಇಬ್ಬರು.”

“ನಿನ್ನೆ ರಾತ್ರಿ ಮಲಗೋವಾಗ ಒಬ್ಬನೇ ಇದ್ದ.”

“ನಿನಗೆ ತಮಾಷೆ.”

“ತಮಾಷೆಯಲ್ಲದೆ ಇನ್ನೇನು. ನಮ್ಮ ಕಡೆ ಹಡಗಿನಲ್ಲಿ ಒಂದು ಹೆಸರು, ರೈಲಿನಲ್ಲಿ ಒಂದು, ಶಾಲೇಲಿ ಇನ್ನೊಂದು. ಮೂರು ಸಲ ಹೆಸರು ಬದಲಾಯ್ತು, ಹಸಿವು ಮಾತ್ರ ಬದಲಾಗಲಿಲ್ಲ. ಯಾರೂ ಊಟ ಬಿಡಲಿಲ್ಲಪ್ಪ.” ಅವಳು ಬೆಣ್ಣೆಯ ಬಟ್ಟಲನ್ನು ಅವನ ಕಡೆ ತಳ್ಳಿದಳು. ಆಮೇಲೆ ಅವನ ಮುಖವನ್ನೇ ನೋಡುತ್ತ, “ಒಬ್ಬನೇ ಅಂತಾದರೆ ಆ ಮೂಗು ಎಲ್ಲಿಂದ ಬಂತು ನಿನಗೆ?” ಎಂದಳು.

ಮೂಗು ಎಂದಾಗ ಅವನ ಕೈ ತಾನಾಗಿ ಮೂಗಿಗೆ ಹೋಯಿತು. ಹಜಾರದ ಗೋಡೆಯ ಮೇಲೆ ಐನಾರನ ಚಿತ್ರ ಇತ್ತು: ಗಡ್ಡ, ಗುಂಡಿ ಹಾಕಿದ ಕೋಟು, ನಡುವೆ ಕೊಂಚ ಉಬ್ಬಿದ ದೊಡ್ಡ ಮೂಗು. ಈ ದಡದಲ್ಲಿ ಮೊದಲ ದೋಣಿಕಟ್ಟೆ ಕಟ್ಟಿದ, ಹಾಲ್ಡೋರನ ಅಪ್ಪನೆನ್ನಿಸಿಕೊಂಡ ಐನಾರ್. ಮನೆಗೆ ಬಂದವರನ್ನೆಲ್ಲ ಆ ಚಿತ್ರದ ಪಕ್ಕ ನಿಂತು ತನ್ನ ಮೂಗು ತೋರಿಸಿ ನಗಿಸದೆ ವಾಲ್ಡಿ ಒಳಗೆ ಕರೆದುಕೊಂಡದ್ದಿಲ್ಲ. ನಗುವವರು ನಿಜವಾಗಿ ಯಾವುದಕ್ಕೆ ನಗುತ್ತಿದ್ದರು? ಮರಿನೋ ಆ ಚಿತ್ರದ ಮುಂದೆ ಎಷ್ಟು ಸಲ ನಿಂತಿಲ್ಲ. ಮರಿನೋ ಐನಾರನ ಕಿರಿಯ ಮಗನ ಕಡೆಯವನು. ಸರೋವರದಲ್ಲಿ ಮೀನು ಹಿಡಿಯುತ್ತಾನೆ, ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾನೆ. ಅವನ ಮೂಗು ಚಪ್ಪಟೆ. “ನಿಮ್ಮ ಕಡೆಗೆ ಮೂಗು ಇಳೀಲಿಲ್ಲ ನೋಡು,” ಎಂದು ವಾಲ್ಡಿ ಒಮ್ಮೆ ಹೇಳಿದ್ದುಂಟು. ಮರಿನೋ ತನ್ನ ಚಪ್ಪಟೆ ಮೂಗನ್ನು ಉಜ್ಜಿಕೊಂಡು, “ನಮಗೆ ಉಸಿರಾಡೋಕೆ ಇಷ್ಟು ಸಾಕು ಬಿಡು,” ಎಂದಿದ್ದ.

ಪುಸ್ತಕಕ್ಕೆ ಹೋಗುವ ಪ್ರತಿ ಮನೆತನದ ಬರಹವನ್ನೂ ಆ ಮನೆತನದ ಹಿರಿಯ ಜೀವಕ್ಕೆ ಗಟ್ಟಿಯಾಗಿ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು. ಇದೂ ವಾಲ್ಡಿ ಮಾಡಿದ ನಿಯಮವೇ. ಐನಾರ್ಸನ್ನರಲ್ಲಿ ಹಿರಿಯಳು ಫಿನ್ನಾ, ಐನಾರನ ಮೊಮ್ಮಗಳು, ವಾಲ್ಡಿಯ ಅಪ್ಪನಿಗೆ ವರಸೆಯಲ್ಲಿ ತಂಗಿ. ತೊಂಬತ್ತು ದಾಟಿದವಳು, ಗಿಮ್ಲಿ ಪಟ್ಟಣದ ಹಿರಿಯರ ಮನೆಯೊಂದರಲ್ಲಿ ಇದ್ದಾಳೆ. ಬರಹವನ್ನು ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡು ಅವನು ಕಾರು ಹತ್ತಿದ. ಮಾರ್ಚ್ ತಿಂಗಳು, ಆದರೂ ಸರೋವರ ಆಚೆ ದಡ ಕಾಣದಷ್ಟು ದೂರ ಬೆಳ್ಳಗೆ ಬಿಗಿದುಕೊಂಡು ಬಿದ್ದಿತ್ತು. ಅದರ ಮೇಲೆ ಮೀನುಗಾರರ ಬಂಡಿಗಳು ಇರುವೆಗಳಂತೆ ಹೋಗುತ್ತಿದ್ದವು. ದಾರಿ ದೋಣಿಕಟ್ಟೆಯ ಪಕ್ಕದಲ್ಲೇ ಹಾಯುತ್ತದೆ. ಐನಾರನ ಸ್ಮಾರಕದ ಕಲ್ಲು ಅಲ್ಲಿದೆ; ಹಿಮದಿಂದ ತಲೆ ಮಾತ್ರ ಹೊರಗೆ ಹಾಕಿಕೊಂಡು. ನೋಡಬಾರದು ಎಂದುಕೊಂಡರೂ ನೋಡಿದ. ಎರಡು ಬೇಸಿಗೆಗಳ ಹಿಂದೆ ಆ ಕಲ್ಲಿನ ಮೇಲಿನ ಬಟ್ಟೆಯನ್ನು ಎಳೆದವನು ತಾನು. ಹಿರಿಯ ಮಗನ ಕಡೆಯ ಹಿರಿಯ ಗಂಡಸು ಎಂಬ ಹಕ್ಕಿನಿಂದ. ಕಲ್ಲನ್ನು ಟ್ರಕ್ಕಿನಲ್ಲಿ ಹೊತ್ತು ತಂದು ನೆಟ್ಟವನು ಮರಿನೋ. “ನೀವು ಕಿರಿಯ ಕವಲಿನವರು ಎಡಗಡೆಗೆ ನಿಲ್ಲಿ,” ಎಂದು ತಾನು ಕೈ ಮಾಡಿ ತೋರಿಸಿದ್ದು, ಅವರೆಲ್ಲ ಮಾತಿಲ್ಲದೆ, ಮಕ್ಕಳನ್ನು ಎತ್ತಿಕೊಂಡು, ಎಡಗಡೆಗೆ ಸರಿದದ್ದು. ಆಮೇಲೆ ಭಾಷಣ. ಮೊದಲ ಹೆಂಡತಿಯನ್ನು ಸಿಡುಬಿಗೆ ಕಳೆದುಕೊಂಡು, ಎಳೆಯ ಮಗ ಹಾಲ್ಡೋರನನ್ನು ಎದೆಗವಚಿಕೊಂಡು ಆ ಭೀಕರ ಚಳಿಗಾಲ ಕಳೆದ ಐನಾರ್. ಅವನ ರಕ್ತ ನನ್ನ ಮೈಯಲ್ಲಿ ಹರಿಯುತ್ತಿದೆ ಎನ್ನುವಾಗ ಅತ್ತಿದ್ದ, ನಿಜವಾಗಿಯೂ ಅತ್ತಿದ್ದ. ಆ ಮೊದಲ ಹೆಂಡತಿ ಎಲ್ಲಿಂದ ಬಂದಳು? ಯಾರೂ ಹೇಳಿದ್ದಲ್ಲ. ಐನಾರನ ಮದುವೆಗೆ ಎಷ್ಟೋ ಮುಂಚೆಯೇ ಹಾಲ್ಡೋರ್ ಹುಟ್ಟಿದ್ದ ಎಂದು ಕಂಡಾಗ, ಲೆಕ್ಕ ಸರಿಹೋಗಲು ಒಬ್ಬಳು ಬೇಕಾಗಿದ್ದಳು. ಅಪ್ಪನನ್ನು ಕೇಳಿದಾಗ ಅಪ್ಪ ಬಲೆ ಹೆಣೆಯುವುದನ್ನು ನಿಲ್ಲಿಸದೆ, “ಇರಬಹುದು,” ಎಂದಿದ್ದ. ಅಪ್ಪನ ಆ ಒಂದು ‘ಇರಬಹುದು’ವಿನ ಮೇಲೆ ತಾನು ಹೆಂಡತಿಯೊಬ್ಬಳನ್ನು ಹುಟ್ಟಿಸಿ, ಸಾಯಿಸಿ, ಊರಿನವರ ಮುಂದೆ ಅತ್ತದ್ದು ಆಗಿತ್ತು.

ಫಿನ್ನಾಳ ಕೋಣೆಯಲ್ಲಿ ಹೊಗೆಗೆ ಹಿಡಿದ ಮೀನಿನ ವಾಸನೆ ತುಂಬಿತ್ತು. ಮರಿನೋ ಆಗಲೇ ಬಂದು ಕಿಟಕಿಯ ಕಟ್ಟೆಯ ಮೇಲೆ ಕೂತು, ಕಾಗದ ಹಾಸಿಕೊಂಡು ಅತ್ತೆಗೆ ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದ. ಅವನು ಇರುತ್ತಾನೆಂದು ವಾಲ್ಡಿ ಎಣಿಸಿರಲಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಫಿನ್ನಾ, “ಬಾಗಿಲು ಹಾಕೋ, ಆ ನರ್ಸಮ್ಮ ವಾಸನೆ ಹಿಡಿದು ಬಂದುಬಿಡ್ತಾಳೆ,” ಎಂದಳು. ಒಣಗಿದ ಪ್ಲಮ್ಮಿನ ಪದರದ ಕೇಕಿನ ಒಂದು ತುಂಡನ್ನು ಅವನ ಕೈಗೆ ಇಟ್ಟಳು. “ಕೂತ್ಕೋ. ಓದು.”

ಅವನು ಕೇಕನ್ನು ಮಂಡಿಯ ಮೇಲೆ ಇಟ್ಟುಕೊಂಡು ಓದಿದ. ಐನಾರ್ ಹುಟ್ಟಿದ್ದು, ಹೊರಟದ್ದು, ಬಂದದ್ದು. ಸಿಡುಬಿನ ಚಳಿಗಾಲ. ಅಲ್ಲಿ ದನಿ ನಿಂತಿತು. ಮುಂದಿನ ಸಾಲು ಕಣ್ಣಿಗೆ ಕಾಣುತ್ತಿತ್ತು, ನಾಲಗೆ ಮಾತ್ರ ಏಳಲಿಲ್ಲ.

“ನಿಲ್ಲಿಸಿದ್ದು ಯಾಕೋ?”

“ಫಿನ್ನತ್ತೆ,” ಎಂದ. ಬೇರೆ ಏನೋ ಕೇಳಬೇಕೆಂದಿದ್ದವನು ಇದನ್ನು ಕೇಳಿದ: “ಐನಾರಜ್ಜನಿಗೆ ಮೊದಲನೇ ಹೆಂಡತಿ ಅಂತ ಒಬ್ಬಳು ಇದ್ದಳಾ?”

ಮರಿನೋ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ. ಫಿನ್ನಾ ಬಾಯಲ್ಲಿದ್ದ ಮೀನನ್ನು ನಿಧಾನವಾಗಿ ನುಂಗಿದಳು.

“ಅವಳನ್ನ ಕರ್ಕೊಂಡು ಬಂದವನು ನೀನು,” ಎಂದಳು. “ಎರಡು ಬೇಸಿಗೆ ಹಿಂದೆ, ಆ ಕಲ್ಲಿನ ಹತ್ರ ನಿಂತು. ಅಲ್ಲೀವರೆಗೂ ನಮಗೂ ಅವಳ ಪರಿಚಯ ಇರಲಿಲ್ಲಪ್ಪ. ಪಾಪ, ಒಳ್ಳೆ ಹೆಂಗಸು ಅನ್ನಿಸ್ತು.”

ಕೋಣೆ ಬೆಚ್ಚಗಿಡುವ ಕೊಳವೆಯೊಳಗೆ ನೀರು ಟಕ್ ಟಕ್ ಎನ್ನುತ್ತಿತ್ತು. ವಾಲ್ಡಿಗೆ ಕಿವಿಯ ತುದಿ ಉರಿಯತೊಡಗಿತು, ಶಾಲೆಯಲ್ಲಿ ಹುಡುಗಿಯರ ಮುಂದೆ ಚಡ್ಡಿ ಹರಿದಾಗ ಉರಿದಂತೆ. ಅರವತ್ತು ದಾಟಿದ ಮೇಲೂ ಮೈ ಅದೇ ಹಳೆಯ ಜಾಗದಲ್ಲೇ ಉರಿಯುತ್ತದಲ್ಲ ಎಂದು ಎಲ್ಲೋ ದೂರದಿಂದ ಯೋಚಿಸಿದ.

“ಹಾಗಾದರೆ ಹಾಲ್ಡೋರಜ್ಜ...”

“ಯೋನಾಸ್ ಅನ್ನೋನ ಮಗ. ನಿನಗೆ ಗೊತ್ತಾಗಿದೆ. ಗೊತ್ತಾಗಿಯೇ ಮುಖ ಹಿಂಗಾಗಿರೋದು.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮರಿನೋ, ನಿನಗೂ?”

“ಸಣ್ಣವನಿದ್ದಾಗಿನಿಂದ,” ಎಂದ ಮರಿನೋ, ಮುಳ್ಳಿನ ಕಾಗದವನ್ನು ಮಡಚುತ್ತ. “ನಮ್ಮ ಕಡೆ ಎಲ್ಲರಿಗೂ ಗೊತ್ತು. ಮದುವೆಯಾಗಿ ಬಂದ ಸೊಸೆಯಂದಿರಿಗೂ ಹೇಳ್ತಾರೆ. ಹೇಳಿ, ಬಾಯಿ ಬಿಡಬಾರದು ಅಂತಾನೂ ಹೇಳ್ತಾರೆ.”

“ಅವತ್ತು ನಾನು ಭಾಷಣ ಮಾಡುವಾಗ ನಿನಗೆ ನಗು ಬರಲಿಲ್ಲವಾ?”

“ಬಂತು. ರಕ್ತ ಅಂದೆಯಲ್ಲ, ಆಗ ಬಂತು. ಫಿನ್ನತ್ತೆ ಗಾಲಿಕುರ್ಚಿಯನ್ನ ನನ್ನ ಕಾಲ್ಬೆರಳ ಮೇಲೆ ಹತ್ತಿಸಿಬಿಟ್ಟಳು. ಆಮೇಲೆ ಬಂದದ್ದು ಕಣ್ಣೀರು. ಜನ ನನಗೂ ದುಃಖ ಉಕ್ಕಿತು ಅಂದ್ಕೊಂಡ್ರು.”

ವಾಲ್ಡಿಗೆ ನಗಬೇಕೆನ್ನಿಸಿತು, ಆಗಲಿಲ್ಲ. ತಲೆಯೊಳಗೆ ಒಂದರ ಹಿಂದೊಂದು ಬಾಗಿಲು ತೆರೆದುಕೊಳ್ಳುತ್ತ ಹೋಯಿತು, ಪ್ರತಿ ಬಾಗಿಲಿನ ಹಿಂದೆಯೂ ಮರಿನೋನ ಜನ ಎಡಗಡೆಗೆ ಸರಿದು ನಿಂತಿದ್ದರು. ಐನಾರನ ಶವಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟವನು ಹಾಲ್ಡೋರ್. ಸ್ವಂತ ಮಗ ಕಾಲಿನ ಕಡೆ ಹೋದ. ಜಮೀನು ಪಾಲಾದಾಗ ಸರೋವರದ ಮುಖದ ಒಣಭೂಮಿ ಹಿರಿಯವನೆಂದು ಹಾಲ್ಡೋರನಿಗೆ ಬಂತು, ಮರಿನೋನ ಅಜ್ಜನಿಗೆ ಹಿಂದಿನ ಜೌಗು. ಇವತ್ತಿಗೂ ವಾಲ್ಡಿಯ ಅಡಿಗೆಮನೆಯ ಕಿಟಕಿಯಿಂದ ಸೂರ್ಯ ಹುಟ್ಟುವುದು ಕಾಣುತ್ತದೆ, ಮರಿನೋನ ಮನೆಯಿಂದ ಕಾಣುವುದು ಸೊಳ್ಳೆ ಎದ್ದ ಹುಲ್ಲು. ಬೇಸಿಗೆಯ ಕೂಟಗಳಲ್ಲಿ ಮೊದಲ ತಟ್ಟೆ ತಮ್ಮ ಕಡೆಗೆ, ಚಿತ್ರ ತೆಗೆಯುವಾಗ ನಡುವಿನ ಕುರ್ಚಿ ತಮ್ಮ ಅಪ್ಪನಿಗೆ. ಇದನ್ನೆಲ್ಲ ಅವನು ಹಕ್ಕೆಂದುಕೊಂಡಿದ್ದ. ಗಾಳಿಯಂತೆ, ಬೆಳಕಿನಂತೆ, ಇರಬೇಕಾದದ್ದು ಇದೆ ಎಂದುಕೊಂಡಿದ್ದ. ಇಷ್ಟು ಜನ, ಇಷ್ಟು ವರ್ಷ, ಕಣ್ಣು ಕಣ್ಣು ನೋಡಿಕೊಂಡು, ಬಾಯಿ ಮುಚ್ಚಿಕೊಂಡು, ಕೈಯಿಂದ ಕೈಗೆ ದಾಟಿಸುತ್ತ ಬಂದ ಕೊಡುಗೆ ಅದು ಎಂದು ಗೊತ್ತಾದಾಗ ಅವನಿಗೆ ಮೊದಲು ಬಂದದ್ದು ಸಿಟ್ಟು. ಇವರು ನನ್ನನ್ನು ಆಡಿಸಿದರು ಎಂಬ ಸಿಟ್ಟು. ಅದು ಬಂದಷ್ಟೇ ಬೇಗ ಹೋಯಿತು, ಏಕೆಂದರೆ ಆಡಿಸುವವರು ಒಮ್ಮೆಯಾದರೂ ಕೈ ತೋರಿಸಿ ನಕ್ಕಿರುತ್ತಾರೆ. ಇವರು ನಕ್ಕಿರಲಿಲ್ಲ.

“ಯಾಕೆ ಹೇಳಲಿಲ್ಲ?” ಎಂದ.

“ನಾನು ಒಂದು ಸಲ ಹೇಳಿದೆ,” ಎಂದಳು ಫಿನ್ನಾ. “ನಿಮ್ಮಪ್ಪ ಓಲಿಗೇ ಹೇಳಿದೆ. ನನಗೆ ಏಳು ವರ್ಷ ಇರಬೇಕು, ಅವನಿಗೆ ಹತ್ತು. ಹಿಮದಲ್ಲಿ ಎಳೆಯೋ ಜಾರುಬಂಡಿ ಒಂದೇ ಇತ್ತು, ನನ್ನ ಸರದಿ ಅವನು ಕೊಡಲಿಲ್ಲ. ನೀನು ನಮ್ಮವನೇ ಅಲ್ಲ, ನಿಮ್ಮಪ್ಪನೇ ಸಾಕುಮಗ, ಬಂಡಿ ನಮ್ಮದು ಅಂದುಬಿಟ್ಟೆ. ನಮ್ಮಮ್ಮ ಯಾರ ಹತ್ರಾನೋ ಪಿಸುಗುಟ್ಟಿದ್ದನ್ನ ಕೇಳಿಸ್ಕೊಂಡಿದ್ದೆ. ಅಫಿ ಅಲ್ಲೇ ಕಟ್ಟಿಗೆ ಒಡೀತಾ ಇದ್ದರು.”

ಅಫಿ ಎಂದರೆ ಅಜ್ಜ, ಐನಾರ್. ಹಾಗೆ ಅನ್ನುವಾಗ ಅವಳ ದನಿ ಏಳು ವರ್ಷದ್ದಾಯಿತು.

“ಹೊಡೀತಾರೆ ಅಂದ್ಕೊಂಡೆ. ಹೊಡೀಲಿಲ್ಲ. ಇಬ್ಬರನ್ನೂ ಒಳಗೆ ಕರೆದು ಒಲೆ ಮುಂದೆ ಕೂರಿಸಿದರು. ಅವತ್ತು ಹೇಳಿದ್ದನ್ನ ಮತ್ತೆ ಯಾವತ್ತೂ ಅವರು ಬಾಯಲ್ಲಿ ಆಡಲಿಲ್ಲ. ಬಂದ ಮೊದಲ ಚಳಿಗಾಲ, ಸಿಡುಬು. ಅಫಿ ಜೊತೆ ಅವರ ಅಣ್ಣ ಇದ್ದ, ಇಬ್ಬರೂ ಹುಡುಗರು, ಒಂದೇ ಗುಡಿಸಲು. ಅಣ್ಣ ಹೋದ. ನೆಲ ಕಬ್ಬಿಣದ ಹಾಗೆ, ಅಗೆಯೋಕೆ ಆಗಲ್ಲ; ಪೆಟ್ಟಿಗೆ ಮಾಡಿ ಗುಡಿಸಲ ಮಾಡಿನ ಮೇಲೆ ಇಟ್ಟರು, ನಾಯಿ ಮುಟ್ಟಬಾರದು ಅಂತ. ಎಲ್ಲರೂ ಹಂಗೇ ಮಾಡ್ತಿದ್ದರು ಆಗ. ಅಣ್ಣನ್ನ ಮೇಲೆ ಇಟ್ಟು ಕೆಳಗೆ ಬಂದು ಅಫಿ ಕೂತರಂತೆ. ಒಲೆಗೆ ಕಟ್ಟಿಗೆ ಹಾಕಲಿಲ್ಲ. ಹಾಕಬಾರದು ಅಂತ ಏನೂ ಇರಲಿಲ್ಲ, ಏಳೋಕೆ ಮನಸ್ಸು ಬರಲಿಲ್ಲ ಅಷ್ಟೆ ಅಂದರು. ಹಂಗೇ ಕೂತಿದ್ದರೆ ಬೆಳಗಾಗೋದರೊಳಗೆ ಮುಗೀತಿತ್ತು.”

ಅವಳು ನೀರು ಬೇಕೆಂದು ಸನ್ನೆ ಮಾಡಿದಳು. ಮರಿನೋ ಲೋಟ ಹಿಡಿದ.

“ಆಗ ಪಕ್ಕದ ಗುಡಿಸಲಿಂದ ಸದ್ದು. ಟಣ್, ಟಣ್. ಪಾತ್ರೆ ಬಡಿಯೋ ಸದ್ದು. ಸುಮ್ಮನಾಗ್ತದೆ ಅಂತ ಕಾದರಂತೆ. ಸುಮ್ಮನಾಗಲಿಲ್ಲ. ಕೊನೆಗೆ ಬೈಕೊಳ್ತಾ ಎದ್ದು ಹೋದರಂತೆ, ಬೈಕೊಳ್ತಾನೇ. ಒಳಗೆ ಯೋನಾಸ್ ಸತ್ತಿದ್ದ. ಸಿಗ್ರಿದ್‌ಗೆ ಇನ್ನೂ ಚೂರು ಉಸಿರಿತ್ತು, ಮಾತಿರಲಿಲ್ಲ. ಮಗು ನೆಲದ ಮೇಲೆ ಕೂತು ಸೌಟಲ್ಲಿ ಖಾಲಿ ಪಾತ್ರೆ ಬಡೀತಾ ಇತ್ತು. ಹಸಿವು. ಅಳು ಕೂಡ ಮುಗಿದುಹೋಗಿತ್ತು ಅದಕ್ಕೆ. ಅಫಿ ಅದನ್ನ ಎತ್ಕೊಂಡು ಬಂದು, ಒಲೆ ಹಚ್ಚಿ, ಗಂಜಿ ಕಾಯಿಸಿದರು. ಸಿಗ್ರಿದ್‌ನೂ ಎತ್ಕೊಂಡು ಬಂದರು, ಅವಳು ಆ ರಾತ್ರಿ ದಾಟಲಿಲ್ಲ. ಇಷ್ಟನ್ನ ಹೇಳಿ, ಅಫಿ ನಮ್ಮಿಬ್ಬರನ್ನೂ ಕೇಳಿದರು: ಈಗ ಹೇಳಿ, ಯಾರು ಯಾರನ್ನ ಸಾಕಿಕೊಂಡಿದ್ದು? ಆ ಹುಡುಗ ನನ್ನನ್ನ ಎಬ್ಬಿಸದೆ ಇದ್ದಿದ್ದರೆ ನಿನ್ನಪ್ಪ ಎಲ್ಲಿ, ನೀನೆಲ್ಲಿ? ಬಂಡಿ ಯಾರದ್ದು ಅಂತ ನನ್ನನ್ನೇ ಕೇಳಿದರು. ನಾನು ಓಲಿದು ಅಂದೆ.”

ವಾಲ್ಡಿ ಕೈಯಲ್ಲಿದ್ದ ಬರಹವನ್ನು ನೋಡಿದ. ಹೆಸರು ಬದಲಾದದ್ದು ಯಾವಾಗ ಎಂದು ಕೇಳಿದ. ಕೇಳಿದ್ದು ಸಮಿತಿಯವನ ದನಿಯಲ್ಲಿ, ಬೇರೆ ದನಿ ಸಿಗಲಿಲ್ಲ.

“ಅದು ಹಾಲ್ಡೋರ್‌ನದೇ ಕೆಲಸ. ದೀಕ್ಷೆಯ ದಿನ ಪಾದ್ರಿ ಕೇಳಿದ, ಯಾರ ಮಗ ಅಂತ. ಐನಾರನ ಮಗ ಅಂದನಂತೆ, ಜೋರಾಗಿ. ಚರ್ಚಿನಲ್ಲಿ ಎಲ್ಲರೂ ಹಿಂದೆ ತಿರುಗಿ ಅಫಿನ ನೋಡಿದರು. ಅಫಿ, ಹಂಗೇ ಬರ್ಕೊಳ್ಳಿ, ಹುಡುಗನಿಗೆ ಗೊತ್ತಿರುತ್ತೆ, ಅಂದರು. ಆಮೇಲಿಂದ ನಮ್ಮ ಮನೇಲಿ ಅದು ಕಟ್ಟಲೆ. ಆ ಮಾತು ಎತ್ತಬಾರದು. ನಿಮ್ಮಪ್ಪನೂ ಎತ್ತಲಿಲ್ಲ. ಅವನಿಗೆ ಹೇಳೋಕೆ ನಾಚಿಕೆ ಅಲ್ಲ ಕಣೋ, ಅಫಿಗೆ ಮಾತು ಕೊಟ್ಟಿದ್ದ.”

“ಫಿನ್ನತ್ತೆ, ಇದನ್ನ ನಾನು ತಿದ್ದಿ ಬರೀತೀನಿ. ಹಿರಿಯ ಕವಲು ಮರಿನೋ ಅವರದು ಅಂತ. ನಾವು ಬೇರೆ ಪುಟಕ್ಕೆ ಹೋಗ್ತೀವಿ. ದಡದ ಆ ಜಾಗಾನೂ ನ್ಯಾಯವಾಗಿ ನೋಡಿದರೆ...”

“ನಿನ್ನ ನೆಲಮಾಳಿಗೇಲಿ ಪ್ರತಿವರ್ಷ ಹಿಮ ಕರಗೋವಾಗ ಮಂಡಿ ತನಕ ನೀರು,” ಎಂದ ಮರಿನೋ. “ನನಗೆ ಬೇಡ. ನೀನೇ ಇಟ್ಕೊ.”

ಫಿನ್ನಾ ನಗಲಿಲ್ಲ. “ಯಾರು ನಿನ್ನನ್ನ ಬೇರೆ ಪುಟಕ್ಕೆ ಹೋಗು ಅಂದದ್ದು? ಅಫಿ ಕೊಟ್ಟದ್ದನ್ನ ವಾಪಸ್ ತಗೊಳ್ಳೋಕೆ ನಾನ್ಯಾರು? ನೀನು ವಾಪಸ್ ಕೊಡೋಕೆ ನೀನ್ಯಾರು?” ಅವಳು ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎನ್ನುವಷ್ಟರಲ್ಲಿ ಮತ್ತೆ ಮಾತಾಡಿದಳು, ಈ ಸಲ ಮೆಲ್ಲಗೆ. “ಆದರೆ ಅವರಿಬ್ಬರನ್ನ ಬರಿ. ಯೋನಾಸ್, ಸಿಗ್ರಿದ್. ನಾವು ನಿಮ್ಮನ್ನ ಉಳಿಸ್ಕೊಳ್ಳೋಕೆ ಹೋಗಿ ಅವರನ್ನ ಮುಚ್ಚಿಹಾಕಿಬಿಟ್ವಿ. ಅವರ ಹೆಸರು ಹಿಡಿದು ಯಾರೂ ಕರೆದಿಲ್ಲ. ಈ ವಯಸ್ಸಿನಲ್ಲಿ ರಾತ್ರಿ ಎಚ್ಚರ ಆದರೆ ಇದೇ ಒಂದು ನೆನಪಾಗ್ತದೆ ನನಗೆ. ಮರಿನೋ, ಇವನಿಗೆ ಅವರನ್ನ ಹೂತ ಜಾಗ ತೋರಿಸು.”

ವಾಲ್ಡಿ ಎದ್ದ. ಏನಾದರೂ ಹೇಳಬೇಕಿತ್ತು. ಅಂಚೆ ಕಚೇರಿಯಲ್ಲಿ ದಿನಕ್ಕೆ ನೂರು ಸಲ ಧನ್ಯವಾದ ಎಂದವನಿಗೆ ಆ ಮಾತು ಈಗ ಎರಡು ಕಾಸಿನ ಅಂಚೆಚೀಟಿಯಂತೆ ಕಂಡಿತು. ಇಷ್ಟು ಭಾರದ ಪಾರ್ಸಲ್ಲಿಗೆ ಅದು ಸಾಲದು. ಅವನು ಬಗ್ಗಿ ಫಿನ್ನಾಳ ಕೈ ಹಿಡಿದ. ಅವಳ ಬೆರಳುಗಳಲ್ಲಿ ಮೀನಿನ ಎಣ್ಣೆ ಇತ್ತು. ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ. “ಕೇಕು ತಿನ್ನಲೇ ಇಲ್ಲ ನೀನು,” ಎಂದಳು ಸ್ವಲ್ಪ ಹೊತ್ತಾದ ಮೇಲೆ. ಅವನು ನಿಂತುಕೊಂಡೇ, ಎಡಗೈಯಲ್ಲಿ, ಪೂರ್ತಿ ತಿಂದ.

ಮರಿನೋನ ಟ್ರಕ್ಕಿನಲ್ಲಿ ಹೋದರು. ದಾರಿಯುದ್ದಕ್ಕೂ ಮರಿನೋ ಬಲೆಯ ವಿಷಯ, ಮಂಜುಗಡ್ಡೆ ಈ ವರ್ಷ ಬೇಗ ಒಡೆಯುವ ವಿಷಯ ಮಾತಾಡಿದ. ವಾಲ್ಡಿ ಹೂಂ ಎನ್ನುತ್ತ ಅವನ ಮುಖದ ಪಕ್ಕವನ್ನು ನೋಡಿದ. ಚಪ್ಪಟೆ ಮೂಗು, ಗಾಳಿಗೆ ಒಡೆದ ತುಟಿ. ಈ ಮನುಷ್ಯನ ಜೊತೆ ಮಂಜಿನ ಮೇಲೆ ಓಡಿದ್ದೇನೆ, ಅವನ ಮದುವೆಯ ದಿನ ಅವನ ಪಕ್ಕದಲ್ಲಿ ನಿಂತಿದ್ದೇನೆ, ಸಣ್ಣ ಸಣ್ಣದಕ್ಕೆ ಅವನನ್ನು ತಿದ್ದಿದ್ದೇನೆ. ಅವನ ಬಾಯಲ್ಲಿ ಯಾವಾಗಲೂ ಒಂದು ಮಾತಿತ್ತು, ಯಾವ ಜಗಳದಲ್ಲಾದರೂ ನನ್ನನ್ನು ಮಲಗಿಸಿಬಿಡಬಹುದಾಗಿದ್ದ ಮಾತು; ಜಗಳವೂ ಬೇಕಾದಷ್ಟು ಆಗಿತ್ತು. ಒಂದು ಸಲವೂ ಅವನ ತುಟಿ ದಾಟಲಿಲ್ಲ. ಇಂಥವರ ನಡುವೆ ಅರವತ್ತು ವರ್ಷ ಬದುಕಿ ನಾನು ರಕ್ತದ ಮಾತಾಡಿದೆ ಎಂದುಕೊಂಡ. ಹಾಗೆ ಅಂದುಕೊಂಡಾಗ ಬರಬೇಕಾಗಿದ್ದ ಅವಮಾನ ಬರಲಿಲ್ಲ. ಅದರ ಬದಲು ಎದೆಯಲ್ಲಿ ಏನೋ ಸಡಿಲವಾಗಿ, ಹಸಿದಾಗ ಬಿಸಿ ಗಂಜಿ ಇಳಿದಂತೆ, ಕೆಳಗಿನ ತನಕ ಇಳಿಯಿತು.

“ಮರಿನೋ.”

“ಏನು?”

“ಏನಿಲ್ಲ.”

“ಸರಿ,” ಎಂದ ಮರಿನೋ. “ಆಯ್ತು ಬಿಡು.”

ಟ್ರಕ್ಕು ನಿಂತದ್ದು ಮರಿನೋನ ಹುಲ್ಲುಗಾವಲಿನ ಕೊನೆಯಲ್ಲಿ, ಜೌಗು ಮುಗಿದು ನೆಲ ಸ್ವಲ್ಪ ಏರುವ ಕಡೆ. ಬೋಳು ಪಾಪ್ಲರ್ ಮರಗಳ ಒಂದು ಗುಂಪು. ಅವುಗಳ ನಡುವೆ ಹಿಮದ ಮೇಲೆ ಒಣಹುಲ್ಲಿನ ತುದಿಗಳು ಎದ್ದಿದ್ದವು, ಯಾರೂ ಕುಡುಗೋಲು ತಾಗಿಸದ ಎತ್ತರದ ಹುಲ್ಲು. “ಇಲ್ಲಿ ಕೊಯ್ಯೋ ಹಂಗಿಲ್ಲ,” ಎಂದ ಮರಿನೋ. “ಅಫಿ ಕಾಲದಿಂದ. ನಮ್ಮಪ್ಪ ಯಂತ್ರ ತಂದಾಗಲೂ ಸುತ್ತು ಹಾಕಿಕೊಂಡೇ ಹೋಗ್ತಿದ್ದ. ಅಫಿಯ ಅಣ್ಣನೂ ಇಲ್ಲೇ.” ಈ ತುಂಡನ್ನು ತೋರಿಸಿ, ಸೋಮಾರಿ ರೈತನ ಹೊಲ ನೋಡಿರೋ ಎಂದು ವಾಲ್ಡಿ ಯಾವುದೋ ವರ್ಷ ತನ್ನ ಮಕ್ಕಳಿಗೆ ಹೇಳಿದ್ದ. ಮರಿನೋ ಅದನ್ನು ಕೇಳಿಸಿಕೊಂಡಿದ್ದನೋ ಏನೋ. ಕೇಳಿಸಿಕೊಂಡಿದ್ದರೂ ಈಗ ಅವನು ಇಂಜಿನ್ನು ಆರಿಸದೆ, ಕೈಗವಸನ್ನು ಬಿಚ್ಚಿ, “ನಾನು ಇಲ್ಲೇ ಇರ್ತೀನಿ. ಹೋಗಿ ಬಾ,” ಎಂದ.

ಹಿಮ ಮಂಡಿಯವರೆಗೆ ಇತ್ತು. ಮೇಲಿನ ಪದರ ಹೆಜ್ಜೆಗೊಮ್ಮೆ ತಡೆದು, ಆಮೇಲೆ ಒಡೆದು ಒಳಗೆಳೆಯುತ್ತಿತ್ತು. ಮರಗಳ ನಡುವೆ ಬಂದು ನಿಂತಾಗ ಅವನಿಗೆ ಏದುಸಿರು. ಎಲ್ಲಿ ಯೋನಾಸ್, ಎಲ್ಲಿ ಸಿಗ್ರಿದ್, ಎಲ್ಲಿ ಆ ಹೆಸರು ಗೊತ್ತಿಲ್ಲದ ಅಣ್ಣ, ಗುರುತಿಲ್ಲ. ಟೋಪಿ ತೆಗೆದ, ಕಿವಿ ಕಚ್ಚಿತು. ಪ್ರಾರ್ಥನೆ ಹೇಳಬೇಕೆಂದು ಹೊರಟು ಅದು ಸರಿಯೆನ್ನಿಸಲಿಲ್ಲ; ಅವರಿಗಾಗಿ ಪಾದ್ರಿಗಳು ಎಷ್ಟೋ ಸಲ ಒಟ್ಟಾಗಿ ಹೇಳಿದ್ದಾರೆ. ಅವನು ಯೋಚಿಸಿದ್ದು ಆ ತಾಯಿಯನ್ನು. ಮಾತು ಬಿದ್ದುಹೋಗಿ ಮಲಗಿದ್ದವಳು, ಪಾತ್ರೆ ಬಡಿಯುವ ಸದ್ದನ್ನು ಕೇಳಿಸಿಕೊಳ್ಳುತ್ತ ಮಲಗಿದ್ದವಳು. ಬಾಗಿಲು ತೆರೆದದ್ದು ಅವಳಿಗೆ ತಿಳಿಯಿತೋ ಇಲ್ಲವೋ. ಯಾರೋ ಬೈದುಕೊಳ್ಳುತ್ತ ಬಂದು ಮಗುವನ್ನು ಎತ್ತಿಕೊಂಡದ್ದು ಕಂಡಿರಬಹುದು. ಆಮೇಲೆ ಏನಾಯಿತು ಎಂಬುದು ಅವಳಿಗೆ ಗೊತ್ತಿಲ್ಲ. ನೂರು ವರ್ಷ ಮೀರಿ ಆಯಿತು, ಯಾರೂ ಬಂದು ಹೇಳಿಲ್ಲ. ಹೇಳಬೇಕಾದವರೆಲ್ಲ ಮಾತು ಕೊಟ್ಟು ಸುಮ್ಮನಾಗಿದ್ದರು.

ಅವನಿಗೆ ಬರುತ್ತಿದ್ದ ಹಳೆಯ ನಾಡಿನ ಭಾಷೆ ಅಡಿಗೆಮನೆಯ ಭಾಷೆ. ಬಾ, ಕೂರು, ಉಣ್ಣು ಎನ್ನುವಷ್ಟು. ಅದು ಸಾಕಾಯಿತು.

“ಸಿಗ್ರಿದ್,” ಎಂದ. ಜೋರಾಗಿ ಮತ್ತೆ ಹೇಳಿದ. “ಸಿಗ್ರಿದ್. ಯೋನಾಸ್. ಹುಡುಗ ಉಳಿದ.”

ಪಾಪ್ಲರಿನ ಕೊಂಬೆಯಿಂದ ಹಿಮದ ಒಂದು ಮುದ್ದೆ ಬಿತ್ತು. ಟ್ರಕ್ಕಿನ ಇಂಜಿನ್ನು ಗುರುಗುಟ್ಟುತ್ತಲೇ ಇತ್ತು.

“ಚೆನ್ನಾಗಿ ಬೆಳೆದ. ಎತ್ತರ ಇದ್ದ. ಹೊಟ್ಟೆ ತುಂಬ ಉಂಡ, ಯಾರೂ ಅವನಿಗೆ ಕಡಿಮೆ ಬಡಿಸಲಿಲ್ಲ. ಮದುವೆಯಾದ. ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ದೋಣಿ ತೋರಿಸ್ತಿದ್ದ.” ಇನ್ನೇನು ಹೇಳಬೇಕೆಂದು ಹುಡುಕಿದ. ತಾಯಿಗೆ ಏನು ಬೇಕಾಗಿರುತ್ತದೆ ಎಂದು ಯೋಚಿಸಿದ. “ಮುಖದ ಮೇಲೆ ಸಿಡುಬಿನ ಕಲೆ ಒಂದೂ ಇರಲಿಲ್ಲ,” ಎಂದು ಹೇಳಿದ. “ಒಂದೂ ಇರಲಿಲ್ಲ.”